ಬಟ್ಟೆ ಕಡ್ಡಾಯ ಇಲ್ಲದ ಬೀಚ್ ರಜೆ: ಹೋಗಿಬಂದವರು ಯಾರಾದರೂ ಇದ್ದೀರಾ?

ಕನಕಾಂಬರ
ಭಾನುವಾರ, ರಾತ್ರಿ 10:42

ಈ ಪ್ರಶ್ನೆ ಕೇಳೋದಕ್ಕೆ ಅಂತಲೇ ಹೊಸ ಖಾತೆ ತೆರೆದಿದ್ದೇನೆ. ಹಳೇ ಖಾತೆಯಲ್ಲಿ ನಾದಿನಿ ಇದ್ದಾರೆ, ಕಾರಣ ಅಷ್ಟು ಸಾಕಲ್ವಾ.

ನನಗೆ 47, ನಮ್ಮವರಿಗೆ 52. ಬಸವನಗುಡಿ. ಮಗಳು ಹಾಸ್ಟೆಲಿಗೆ ಹೋದಳು. ಮದುವೆಯಾಗಿ 22 ವರ್ಷದಲ್ಲಿ ಮೊದಲ ಸಲ ಇಬ್ಬರೇ ಎಲ್ಲಾದರೂ ಹೋಗೋಣ ಅಂತ ಅಂದುಕೊಂಡಿದ್ದೇವೆ. ದೇವಸ್ಥಾನ ಬೇಡ, ಬೆಟ್ಟ ಹತ್ತೋದು ಬೇಡ, ಬೆಳಗ್ಗೆ ಐದಕ್ಕೆ ಬಾಗಿಲು ಬಡಿಯುವ ಟೂರ್ ಬಸ್ಸಿನವರು ಬೇಡವೇ ಬೇಡ. ಬಿಸಿ ಮರಳು, ಬೆಚ್ಚಗಿನ ನೀರು, ಮಧ್ಯಾಹ್ನ ನಿದ್ದೆ. ಅಷ್ಟೇ.

ಈಗ ಅಸಲು ವಿಷಯ. 2019ರಲ್ಲಿ ಕೆಲಸದ ಮೇಲೆ ಮೂರು ತಿಂಗಳು ಮ್ಯೂನಿಕ್‌ನಲ್ಲಿದ್ದೆ. ಜೊತೆಗಿದ್ದ ಹೆಂಗಸೊಬ್ಬರು ಸೌನಾಗೆ, ಅಂದರೆ ಬೆವರು ಹರಿಸಲು ಕೂರುವ ಬಿಸಿ ಕೋಣೆಗೆ, ಕರೆದುಕೊಂಡು ಹೋದರು. ಅಲ್ಲಿ ಗಂಡಸರು ಹೆಂಗಸರು ಎಲ್ಲ ಒಟ್ಟಿಗೆ, ಈಜುಡುಗೆ ಕೂಡ ಹಾಕುವಂತಿಲ್ಲ, ಟವೆಲ್ ಹಾಸಿಕೊಂಡು ಕೂರಬೇಕು. ಮೊದಲ ದಿನ ಬಾಗಿಲಿಂದಲೇ ಓಡಿಬಂದೆ. ಮೂರನೇ ಸಲ ಮುಕ್ಕಾಲು ಗಂಟೆ ಕೂತಿದ್ದೆ. ಒಬ್ಬರೂ ನನ್ನ ಕಡೆ ನೋಡಲಿಲ್ಲ. ಡಿವಿಜಿ ರೋಡಿಗೆ ಸೀರೆ ಉಟ್ಟುಕೊಂಡು ಸೊಪ್ಪು ತರೋಕೆ ಹೋದರೆ ಅದಕ್ಕಿಂತ ಜಾಸ್ತಿ ಜನ ನೋಡುತ್ತಾರೆ.

ಎರಡು ವರ್ಷದ ಹಿಂದೆ ಹೊಟ್ಟೆಯ ದೊಡ್ಡ ಆಪರೇಷನ್ ಆಯ್ತು. ಮಧ್ಯದಲ್ಲಿ ಉದ್ದಕ್ಕೆ ಗೆರೆ. ಅವತ್ತಿಂದ ನಾನು ಬಚ್ಚಲಲ್ಲೂ ಲೈಟ್ ಆರಿಸಿ ಸ್ನಾನ ಮಾಡ್ತಿದ್ದೇನೆ. ಮೊನ್ನೆ ಯಾಕೋ ಆ ಸೌನಾ ನೆನಪಾಯ್ತು. ಅದೇ ಥರ ಸಮುದ್ರದ ಪಕ್ಕ ಒಂದು ವಾರ ಇರೋಕೆ ಆಗುತ್ತಾ? ಎಲ್ಲಿ? ಕಾನೂನು ಏನು? ದಂಪತಿಗೆ ಸುರಕ್ಷಿತವಾ? ಇಬ್ಬರಿಗೂ ಸೇರಿ ಎರಡೂವರೆ ಲಕ್ಷ ಬಜೆಟ್. ಅಸಹ್ಯವಾಗಿ ಬರೆಯೋರು ದಯವಿಟ್ಟು ಬೇರೆ ಕಡೆ ಹೋಗಿ.

ಸಿಲ್ಕ್_ಬೋರ್ಡ್_ಸಂತ್ರಸ್ತ
10:51

ಗೋವಾ ಇದೆಯಲ್ಲ ಮೇಡಂ. ಅಲ್ಲಿ ಎಲ್ಲಾ ನಡೆಯುತ್ತೆ.

ಕರಿಕೋಟು
11:08

ನಡೆಯಲ್ಲ ಗುರು. ಸುಮ್ನೆ ಏನೇನೋ ಹೇಳಿ ಅವರನ್ನ ಸ್ಟೇಷನ್ ಮೆಟ್ಟಿಲು ಹತ್ತಿಸಬೇಡ.

ಮಾಡೆಲ್, ನಟ ಮಿಲಿಂದ್ ಸೋಮನ್ ನೆನಪಿದೆಯಾ? 2020ರ ನವೆಂಬರ್‌ನಲ್ಲಿ ತಮ್ಮ 55ನೇ ಹುಟ್ಟುಹಬ್ಬಕ್ಕೆ ಗೋವಾ ಬೀಚಲ್ಲಿ ಬೆತ್ತಲೆ ಓಡಿ ಫೋಟೋ ಹಾಕಿದರು. ಗೋವಾ ಪೊಲೀಸರು ಕೇಸ್ ಹಾಕಿದರು. ಆಗ ಐಪಿಸಿ 294, ಈಗ ಅದೇ ವಿಷಯ ಭಾರತೀಯ ನ್ಯಾಯ ಸಂಹಿತೆಯ 296ರಲ್ಲಿದೆ. ಸಾರ್ವಜನಿಕ ಜಾಗದಲ್ಲಿ ಬೇರೆಯವರಿಗೆ ಕಿರಿಕಿರಿ ಆಗುವ ಹಾಗೆ ಅಶ್ಲೀಲ ಕೆಲಸ ಮಾಡಿದರೆ ಮೂರು ತಿಂಗಳವರೆಗೆ ಜೈಲು, ಇಲ್ಲ ಸಾವಿರ ರೂಪಾಯಿವರೆಗೆ ದಂಡ, ಇಲ್ಲ ಎರಡೂ. ದಂಡ ಸಾವಿರವೇ ತಾನೇ ಅಂತ ನಗಬೇಡಿ. ದಂಡಕ್ಕಿಂತ ಎಫ್‌ಐಆರ್ ದೊಡ್ಡದು. ಪಾಸ್‌ಪೋರ್ಟ್ ನವೀಕರಣಕ್ಕೆ ಹೋದಾಗ ಗೊತ್ತಾಗುತ್ತೆ.

ಭಾರತದ ಯಾವ ಬೀಚಲ್ಲೂ ಇದಕ್ಕೆ ಅಂತ ಬಿಟ್ಟ ಜಾಗ ಇಲ್ಲ ಮೇಡಂ. ಹೊರಗಡೆಯೇ ನೋಡಿ.

ಸಿಲ್ಕ್_ಬೋರ್ಡ್_ಸಂತ್ರಸ್ತ
11:12

ಫಾರಿನ್‌ನವರು ಮಲಗಿರ್ತಾರಲ್ಲ ಸಾರ್?

ಕರಿಕೋಟು
11:13

ಹೆಲ್ಮೆಟ್ ಇಲ್ಲದೆ ಓಡಾಡೋರೂ ಇರ್ತಾರೆ. ಹಾಗಂತ ಕಾನೂನು ಇಲ್ಲ ಅಂತಾನಾ?

ಕುಡ್ಲೆ_ಕಡೆಯವ
11:40

ಯಾರೋ ಗೋಕರ್ಣ ಅಂತ ಬರೆಯೋ ಮುಂಚೆ ನಾನೇ ಬರೆಯುತ್ತೇನೆ. ಬೇಡ ಮಾರಾಯ್ರೇ. ನಾನು ಅಲ್ಲೇ ಹುಟ್ಟಿದವ, ಈಗ ವಿಜಯನಗರದಲ್ಲಿದ್ದೇನೆ. ಹಾಫ್ ಮೂನ್, ಪ್ಯಾರಡೈಸ್ ಬೀಚ್ ಕಡೆ ಹಿಪ್ಪಿಗಳ ಕಾಲದಿಂದಲೂ ಒಬ್ಬರೋ ಇಬ್ಬರೋ ಹಾಗೇ ಇರುತ್ತಿದ್ದರು, ಮೀನು ಹಿಡಿಯುವವರು ನೋಡಿಯೂ ನೋಡದ ಹಾಗೆ ಹೋಗುತ್ತಿದ್ದರು. ಆಗ ಅಲ್ಲಿಗೆ ದಾರಿಯೂ ಸರಿಯಿರಲಿಲ್ಲ, ಮೊಬೈಲೂ ಇರಲಿಲ್ಲ. ಈಗ ಶುಕ್ರವಾರ ರಾತ್ರಿ ಬೆಂಗಳೂರಿಂದ ಎಷ್ಟು ಸ್ಲೀಪರ್ ಬಸ್ ಬರುತ್ತವೆ ಲೆಕ್ಕ ಹಾಕಿ. ಪಂಚಗಂಗಾ ರೈಲು ಬೇರೆ. ಶನಿವಾರ ಓಂ ಬೀಚಲ್ಲಿ ಕಾಲಿಡೋಕೆ ಜಾಗ ಇಲ್ಲ, ಪ್ರತಿಯೊಬ್ಬನ ಕೈಯಲ್ಲೂ ಕ್ಯಾಮೆರಾ. ಮತ್ತೆ ಅದು ನಮ್ಮ ಊರು, ಅಮ್ಮ ಶಿವರಾತ್ರಿಗೆ ಸಮುದ್ರಸ್ನಾನ ಮಾಡುವ ನೀರು ಅದು. ನಿಮ್ಮ ಆಸೆ ತಪ್ಪು ಅನ್ನುತ್ತಿಲ್ಲ, ಜಾಗ ತಪ್ಪು.

ಧರ್ಮರಕ್ಷಕ_77
11:58

ಇದಾ ನಮ್ಮ ಸಂಸ್ಕೃತಿ? ಕನ್ನಡದಲ್ಲಿ ಇಂಥದ್ದೆಲ್ಲ ಚರ್ಚೆ ಮಾಡೋಕೆ ನಾಚಿಕೆ ಆಗಲ್ವಾ?

ರಾಗಿಮುದ್ದೆ_ರಂಗ
ಸೋಮವಾರ, ಬೆಳಗ್ಗೆ 7:15

ಶ್ರವಣಬೆಳಗೊಳಕ್ಕೆ ಹೋಗಿದ್ದೀರಾ ಸ್ವಾಮಿ? ಬೆಟ್ಟದ ಮೇಲೆ 57 ಅಡಿ, ಸಾವಿರ ವರ್ಷದಿಂದ ನಿಂತಿದ್ದಾನೆ. ಶಾಲೆ ಮಕ್ಕಳನ್ನ ಬಸ್ಸಲ್ಲಿ ತುಂಬಿಕೊಂಡು ಹೋಗಿ ತೋರಿಸುತ್ತೇವೆ. ಅಕ್ಕಮಹಾದೇವಿ? ಅವರೂ ಹೊರಗಿನವರಾ?

ಧವಳ
8:02

ರಂಗಣ್ಣ, ನಿಮ್ಮ ಉದ್ದೇಶ ಒಳ್ಳೆಯದೇ. ಆದರೆ ಪ್ರತಿ ಸಲ ಈ ಮಾತು ಬಂದಾಗ ಬಾಹುಬಲಿಯನ್ನು ಎಳೆದು ತರುವುದು ನಮಗೆ ಬೇಸರ. ನಾನು ಜೈನಳು. ಮುನಿಗಳು ದಿಗಂಬರರಾಗುವುದು ಎಲ್ಲ ಬಿಟ್ಟ ಮೇಲೆ. ಮನೆ, ದುಡ್ಡು, ತಟ್ಟೆ, ಚಪ್ಪಲಿ ಎಲ್ಲ ಬಿಟ್ಟು ಕೊನೆಗೆ ಬಟ್ಟೆ. ಕೂದಲನ್ನೂ ಕೈಯಲ್ಲಿ ಕೀಳುತ್ತಾರೆ. ಅದು ವ್ರತ. ಕನಕಾಂಬರ ಅವರು ಕೇಳಿದ್ದು ರಜೆ. ಎರಡಕ್ಕೂ ಬಟ್ಟೆ ಇಲ್ಲ ಅನ್ನುವುದೊಂದು ಬಿಟ್ಟರೆ ಬೇರೆ ಸಂಬಂಧ ಇಲ್ಲ. ಅವರ ರಜೆಗೆ ನನ್ನ ವಿರೋಧವೂ ಇಲ್ಲ, ಹೋಗಿಬರಲಿ.

ರಾಗಿಮುದ್ದೆ_ರಂಗ
8:10

ತಪ್ಪಾಯ್ತಕ್ಕ. ಒಪ್ಪಿದೆ.

ಹಳೇ_ಪೇಪರ್
8:47

ಚಂದ್ರಗುತ್ತಿಯನ್ನೂ ಯಾರೋ ಹೇಳುತ್ತಾರೆ ಅಂತ ಕಾಯುತ್ತಿದ್ದೆ, ಹೇಳಲಿಲ್ಲ, ನಾನೇ ಹೇಳುತ್ತೇನೆ. ಸೊರಬ ತಾಲೂಕಿನ ರೇಣುಕಾಂಬೆಗೆ ಬೆತ್ತಲೆ ಸೇವೆ ಇತ್ತು. ವರದಾ ಹೊಳೆಯಲ್ಲಿ ಮುಳುಗಿ ಹಾಗೇ ಬೆಟ್ಟದ ಗುಡಿಗೆ. 1986ರಲ್ಲಿ ತಡೆಯೋಕೆ ಹೋದವರ ಮೇಲೆ, ಪೊಲೀಸರ ಮೇಲೆ ಕೂಡ ಜನ ತಿರುಗಿಬಿದ್ದು ಅವರ ಬಟ್ಟೆಯನ್ನೇ ಕಿತ್ತರು. ಆಮೇಲೆ ಸರ್ಕಾರ ನಿಷೇಧ ಹಾಕಿತು. ಸರಿಯಾಗೇ ಮಾಡಿತು. ಹರಕೆ ಹೊತ್ತವರಲ್ಲಿ ಎಷ್ಟೋ ಜನ ಬಡ ಹೆಂಗಸರು, ಒಲ್ಲೆ ಅನ್ನುವ ಧೈರ್ಯ ಅವರಿಗೆಲ್ಲಿ. ಕಡ್ಡಾಯ ಇಲ್ಲ ಅನ್ನುವ ಮಾತಿಗೆ ಬೆಲೆ ಇರುವುದು ಅಲ್ಲೇ.

ಇನ್ನೊಂದು ತಮಾಷೆ. ಜಗತ್ತಿನಲ್ಲಿ ಗೊತ್ತಿರುವ ಮೊದಲ ನ್ಯಾಚುರಿಸ್ಟ್ ಕ್ಲಬ್, ಅಂದರೆ ಬಟ್ಟೆಯಿಲ್ಲದೆ ಸಹಜವಾಗಿ ಇರಬಯಸುವವರ ಕೂಟ, ಜರ್ಮನಿಯದ್ದಲ್ಲ, ಮುಂಬೈ ಪಕ್ಕದ ಥಾಣೆಯದ್ದು. 1891. ಕ್ರಾಫರ್ಡ್ ಅಂತ ಬ್ರಿಟಿಷ್ ನ್ಯಾಯಾಧೀಶ ಶುರು ಮಾಡಿದ್ದು. ಸದಸ್ಯರು ಎಷ್ಟು ಗೊತ್ತಾ? ಮೂರು. ಅವನೂ ಸೇರಿ.

ಸಿಲ್ಕ್_ಬೋರ್ಡ್_ಸಂತ್ರಸ್ತ
8:52

ನಮ್ಮ ಅಪಾರ್ಟ್‌ಮೆಂಟ್ ಕನ್ನಡ ಸಂಘಕ್ಕಿಂತ ಒಬ್ಬರು ಜಾಸ್ತಿ.

ಎರಡು_ಸಲ_ಹೋದವಳು
11:20

ಅಕ್ಕಾ, ನಾನು ನನ್ನ ಗಂಡ ಥಾಯ್ಲೆಂಡಿಗೆ ಎರಡು ಸಲ ಹೋಗಿಬಂದಿದ್ದೇವೆ. ನಿಮ್ಮ ಬಜೆಟ್‌ಗೆ ಅದೇ ಸರಿ. ಉದ್ದ ಬರೆಯುತ್ತೇನೆ, ಕಾಫಿ ತಗೊಂಡು ಕೂರಿ.

ಮೊದಲು ತಿಳಿದುಕೊಳ್ಳಬೇಕಾದ್ದು, ಥಾಯ್ಲೆಂಡಿನ ಬೀಚಲ್ಲಿ ಬೆತ್ತಲೆ ಇರೋದು ಅಲ್ಲೂ ಅಪರಾಧ. ಅಲ್ಲಿನ ಜನಕ್ಕೆ ಅದು ಅವಮಾನ ಅನಿಸುತ್ತೆ. ಇರೋದು ಗೋಡೆಯೊಳಗಿನ ಸಣ್ಣ ರೆಸಾರ್ಟ್‌ಗಳು, ಪಟ್ಟಾಯ ಸುತ್ತಮುತ್ತ ಕೆಲವು ಸಿಗುತ್ತವೆ. ಈಜುಕೊಳ, ತೋಟ, ಹತ್ತು ಹದಿನೈದು ರೂಮು. ಸಮುದ್ರಕ್ಕೆ ಹೋಗುವಾಗ ಬಟ್ಟೆ ಹಾಕಿಕೊಂಡು ಹೋಗಬೇಕು. ಇದು ಕೇಳಿ ಬೇಜಾರಾದರೆ ಬೇರೆ ದೇಶ ನೋಡಿ. ನಮಗೆ ಬೇಜಾರಾಗಲಿಲ್ಲ, ಯಾಕಂದರೆ ನಾವು ಮಾಡಿದ್ದೇ ನಿದ್ದೆ.

ಬೆಂಗಳೂರಿಂದ ಬ್ಯಾಂಕಾಕ್‌ಗೆ ನೇರ ವಿಮಾನ, ನಾಲ್ಕು ಗಂಟೆ ಇಟ್ಟುಕೊಳ್ಳಿ. ಅಲ್ಲಿಂದ ಕಾರಲ್ಲಿ ಎರಡು ಗಂಟೆ. 2024ರ ಜುಲೈನಲ್ಲಿ ನಮ್ಮ ಪಾಸ್‌ಪೋರ್ಟಿಗೆ ವೀಸಾ ಇಲ್ಲದೆ 60 ದಿನ ಅಂತ ಮಾಡಿದ್ದರು. ಅವರು ಇದನ್ನ ಆಗಾಗ ಬದಲಾಯಿಸುತ್ತಾರೆ, ಟಿಕೆಟ್ ತೆಗೆಯೋ ದಿನ ಒಮ್ಮೆ ನೋಡಿಬಿಡಿ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಸೆಪ್ಟೆಂಬರ್, ಅಕ್ಟೋಬರ್ ಅಲ್ಲಿ ಜಡಿಮಳೆ.

ನಿಯಮಗಳು ಮ್ಯೂನಿಕ್ ಥರವೇ. ಎಲ್ಲಿ ಕೂತರೂ ಕೆಳಗೆ ಟವೆಲ್. ಫೋಟೋ ಇಲ್ಲವೇ ಇಲ್ಲ, ನಮ್ಮ ರೆಸಾರ್ಟಲ್ಲಿ ಬಂದ ಕೂಡಲೇ ಮೊಬೈಲ್ ಕ್ಯಾಮೆರಾಗೆ ಸ್ಟಿಕ್ಕರ್ ಅಂಟಿಸಿದರು. ಗುರಾಯಿಸಿ ನೋಡಿದರೆ ಒಂದು ಸಲ ಹೇಳುತ್ತಾರೆ, ಎರಡನೇ ಸಲ ಗಂಟುಮೂಟೆ ಕಟ್ಟಿಸುತ್ತಾರೆ. ಬುಕ್ ಮಾಡುವಾಗ 'ಲೈಫ್‌ಸ್ಟೈಲ್' ಅನ್ನುವ ಪದ ಕಂಡರೆ ಮುಂದಕ್ಕೆ ಹೋಗಿ, ಅದು ಜೋಡಿ ಅದಲುಬದಲಿನ ವ್ಯವಹಾರ. ನ್ಯಾಚುರಿಸ್ಟ್ ಅಂತ ಇದ್ದರೆ ಆ ಗಲಾಟೆ ಇರಲ್ಲ.

ಮೊದಲ ಅರ್ಧ ಗಂಟೆ ಹೊಟ್ಟೆಯಲ್ಲಿ ಕಲಸಿದ ಹಾಗಿರುತ್ತೆ. ನಾನು ರೂಮಿಂದ ಟವೆಲ್ ಸುತ್ತಿಕೊಂಡು ಬಂದು, ಕೊಳದ ಮೆಟ್ಟಿಲ ಮೇಲೆ ಕೂತು, ನೀರಿಗಿಳಿದ ಮೇಲೆಯೇ ಟವೆಲ್ ಬಿಟ್ಟಿದ್ದು. ಟವೆಲ್ ಒದ್ದೆಯಾಗಿ ಮೂರು ಕೇಜಿ ಆಗಿತ್ತು. ಪಕ್ಕದ ಕುರ್ಚಿಯಲ್ಲಿ 70 ದಾಟಿದ ಅಜ್ಜಿಯೊಬ್ಬರು ಸ್ವೆಟರ್ ಹೆಣೆಯುತ್ತಾ ಕೂತಿದ್ದರು. ಆ ಸೆಖೆಯಲ್ಲಿ, ಬೆತ್ತಲೆ ಕೂತು, ಸ್ವೆಟರ್! ಆಮೇಲೆ ಗಮನ ಹೋದದ್ದು, ಅವರಿಗೆ ಒಂದು ಎದೆ ಇರಲಿಲ್ಲ. ಆಪರೇಷನ್ ಆಗಿತ್ತು. ಅವರು ಮುಚ್ಚಿಕೊಂಡೂ ಇರಲಿಲ್ಲ, ತೋರಿಸಿಕೊಂಡೂ ಇರಲಿಲ್ಲ, ಅವರ ಪಾಡಿಗೆ ಹೆಣೆಯುತ್ತಿದ್ದರು. ನಿಮ್ಮ ಹೊಟ್ಟೆಯ ಗೆರೆ ಅಲ್ಲಿ ಯಾವ ಲೆಕ್ಕಕ್ಕೂ ಬರಲ್ಲ ಅಕ್ಕಾ.

ಕನಕಾಂಬರ
11:34

ಆಫೀಸಲ್ಲಿ ಓದಿ ಕಣ್ಣು ಒರೆಸಿಕೊಂಡೆ. ಪಕ್ಕದವನು ಡೆಡ್‌ಲೈನ್ ಟೆನ್ಷನ್ನಾ ಮೇಡಂ ಅಂದ.

ಒಂಟಿಸಲಗ
12:15

ನಾನು ಬ್ಯಾಚುಲರ್. ಎರಡು ಕಡೆ ಮೇಲ್ ಹಾಕಿದೆ, ಒಂಟಿ ಗಂಡಸರಿಗೆ ಸದ್ಯಕ್ಕೆ ರೂಮಿಲ್ಲ ಅಂತ ಬಂತು. ಇದು ತಾರತಮ್ಯ ಅಲ್ವಾ? ಬೆಂಗಳೂರಲ್ಲಿ ಮನೆ ಕೊಡಲ್ಲ, ಅಲ್ಲಿ ಹೋದರೂ ಇದೇನಾ?

ಎರಡು_ಸಲ_ಹೋದವಳು
12:21

ತಮ್ಮಾ, ಒಳಗೆ ಗಂಡಸರೇ ತುಂಬಿದರೆ ಹೆಂಗಸರು ಬರೋದು ನಿಲ್ಲಿಸುತ್ತಾರೆ. ಅದಕ್ಕೆ ಕೆಲವು ಕಡೆ ಲೆಕ್ಕ ಇಟ್ಟು ಬಿಡುತ್ತಾರೆ. ಒಂಟಿಯಾಗಿ ಬಂದು ನೆಟ್ಟಗಿದ್ದವರನ್ನೂ ನೋಡಿದ್ದೇನೆ. ಬೇರೆ ಕಡೆ ಕೇಳಿನೋಡು.

ಒಂಟಿಸಲಗ
12:23

ಅಲ್ಲೂ ಓನರ್ ವೆಜ್ಜಾ ನಾನ್‌ವೆಜ್ಜಾ ಅಂತ ಕೇಳಿದರೆ ಮಾತ್ರ ನಾನು ಒಪ್ಪಲ್ಲ.

ಚರ್ಮದ_ಡಾಕ್ಟ್ರು
ಮಧ್ಯಾಹ್ನ 1:40

ಒಂದು ವಿಷಯ ಎಲ್ಲರೂ ಮರೆತಿದ್ದೀರಿ. ಬಿಸಿಲು. ಬೆಂಗಳೂರು, ಪಟ್ಟಾಯ ಎರಡೂ ಹೆಚ್ಚುಕಡಿಮೆ 13 ಡಿಗ್ರಿ ಅಕ್ಷಾಂಶದಲ್ಲೇ ಇವೆ. ನಮಗೇನು ಹೊಸ ಬಿಸಿಲಾ ಅನ್ನಬೇಡಿ. ನಿಮ್ಮ ಮುಖ, ಕೈ ಆ ಬಿಸಿಲನ್ನ ಕಂಡಿವೆ. ಸೊಂಟದ ಕೆಳಗಿನ ಭಾಗ 47 ವರ್ಷದಿಂದ ಕಂಡಿಲ್ಲ. ಕಪ್ಪು ಚರ್ಮವೂ ಸುಡುತ್ತೆ, ಕೆಂಪಾಗಿ ಕಾಣಲ್ಲ ಅಷ್ಟೇ, ರಾತ್ರಿ ಮಗ್ಗುಲು ಬದಲಿಸೋಕೆ ಆಗದಾಗ ಗೊತ್ತಾಗುತ್ತೆ. ಸನ್‌ಸ್ಕ್ರೀನ್ ಕ್ರೀಮ್ ಹಚ್ಚಿ, ಎಸ್‌ಪಿಎಫ್ (ಬಿಸಿಲು ತಡೆಯುವ ಅಳತೆ) 30ಕ್ಕಿಂತ ಕಡಿಮೆ ಬೇಡ, ಎರಡು ಗಂಟೆಗೊಮ್ಮೆ, ನೀರಿಂದ ಎದ್ದಾಗಲೆಲ್ಲ ಮತ್ತೆ. ಹತ್ತರಿಂದ ನಾಲ್ಕರವರೆಗೆ ನೆರಳಲ್ಲಿರಿ.

ಆಪರೇಷನ್ ಗುರುತು ಎರಡು ವರ್ಷ ಹಳೆಯದು ಅಂದಿರಿ, ತೊಂದರೆ ಇಲ್ಲ. ಹೊಸ ಗಾಯವಾಗಿದ್ದರೆ ಬಿಸಿಲಿಗೆ ಕಪ್ಪಾಗುತ್ತಿತ್ತು. ಆದರೂ ಅದರ ಮೇಲೆ ಕ್ರೀಮ್ ಸ್ವಲ್ಪ ದಪ್ಪ ಹಚ್ಚಿ.

ಮಯಾಮಿ_ಮಂಜ
ಮಧ್ಯಾಹ್ನ 2:05

ನಿಜವಾದ ಸಮುದ್ರದಲ್ಲೇ ಬೇಕು ಅಂದರೆ ನಮ್ಮ ಕಡೆ ಬನ್ನಿ. ಹಾಲೋವರ್ ಬೀಚ್, 1991ರಿಂದ ಒಂದು ಭಾಗ ಇದಕ್ಕೇ ಬಿಟ್ಟಿದ್ದಾರೆ, ಜೀವರಕ್ಷಕರೂ ಇರುತ್ತಾರೆ. ಅಮೆರಿಕ ವೀಸಾ ಇದ್ದರೆ ಮೆಕ್ಸಿಕೋಗೆ ಬೇರೆ ವೀಸಾ ಬೇಡ, ಅಲ್ಲಿ ಸಿಪೊಲಿಟೆ ಅಂತ ಊರಿದೆ, ಪೆಸಿಫಿಕ್ ತೀರ, ಊರಿನವರೇ ಒಪ್ಪಿಕೊಂಡಿರುವ ಬೀಚ್. ಆದರೆ ಸೆಳೆತ ಭಯಂಕರ, ಆ ಹೆಸರಿಗೇ ಸತ್ತವರ ತೀರ ಅಂತ ಅರ್ಥ ಹೇಳುವುದುಂಟು. ಮೊಣಕಾಲವರೆಗೆ ಮಾತ್ರ ಇಳಿಯಿರಿ. ಕೆರಿಬಿಯನ್‌ನ ಸೇಂಟ್ ಮಾರ್ಟಿನ್‌ನಲ್ಲಿ ಓರಿಯಂಟ್ ಬೇ ಇತ್ತು, ಅಲ್ಲಿನ ಹಳೇ ನ್ಯಾಚುರಿಸ್ಟ್ ರೆಸಾರ್ಟ್ 2017ರ ಇರ್ಮಾ ಚಂಡಮಾರುತಕ್ಕೆ ನೆಲಸಮ ಆಯ್ತು. ಹಳೇ ಬ್ಲಾಗ್ ಓದಿ ಅಲ್ಲಿಗೆ ಟಿಕೆಟ್ ತೆಗೆಯಬೇಡಿ.

ಕರಿಕೋಟು
2:11

ಎರಡೂವರೆ ಲಕ್ಷದಲ್ಲಿ ಮಯಾಮಿ? ಹೋಗೋಕಾ, ಬರೋಕಾ?

ಮಯಾಮಿ_ಮಂಜ
2:30

ಹೋಗೋಕೆ. ಬರೋಕೆ ಯಾರಿಗೆ ಮನಸ್ಸಾಗುತ್ತೆ :)

ಪ್ಯಾಕೇಜ್_ಪಮ್ಮಿ
3:18

ಮಾಲ್ಡೀವ್ಸ್? ಖಾಸಗಿ ದ್ವೀಪ ಅಲ್ವಾ, ಯಾರು ಕೇಳ್ತಾರೆ?

ಕರಿಕೋಟು
3:25

ಕೇಳ್ತಾರೆ. ಅದು ಮುಸ್ಲಿಂ ದೇಶ, ರೆಸಾರ್ಟ್ ದ್ವೀಪದಲ್ಲೂ ಬೆತ್ತಲೆಗೆ ಕಾನೂನಿಲ್ಲ. ಜನ ವಾಸಿಸುವ ದ್ವೀಪಗಳಲ್ಲಿ ಬಿಕಿನಿಗೇ ಬೇರೆ ಬೀಚ್ ಇಟ್ಟಿದ್ದಾರೆ. ಬಾಲಿ, ಶ್ರೀಲಂಕಾ ಕೂಡ ಬೇಡ.

ನಾಲೆ_ನಂಜುಂಡ
ಸಂಜೆ 6:50

ನೀವೆಲ್ಲ ಏನೇನೋ ದೇಶ ಹೇಳ್ತಿದ್ದೀರಿ. ಮಂಡ್ಯ ಕಡೆ ನಾಲೆಯಲ್ಲಿ ನಾವು ಹುಡುಗರು ಹನ್ನೆರಡು ಹದಿಮೂರು ವರ್ಷದವರೆಗೂ ಚಡ್ಡಿ ದಂಡೆ ಮೇಲೆ ಬಿಟ್ಟು ಹಾರುತ್ತಿದ್ದೆವು. ಚಡ್ಡಿ ಒದ್ದೆಯಾದರೆ ಮನೇಲಿ ಸಿಕ್ಕಿಬೀಳ್ತೀವಿ ಅಂತ. ಒಂದು ದಿನ ಮೇಷ್ಟ್ರು ಬಂದು ಎಲ್ಲರ ಚಡ್ಡಿ ಎತ್ತಿಕೊಂಡು ಶಾಲೆಗೆ ಹೋಗಿಬಿಟ್ಟರು. ಬಾಳೆ ಎಲೆ ಸುತ್ತಿಕೊಂಡು ಪ್ರಾರ್ಥನೆಗೆ ನಿಂತಿದ್ದೆವು. ಆಗ ಯಾವ ರೆಸಾರ್ಟು, ಯಾವ ಕಾನೂನು. ಎಂಥಾ ಸ್ವಾತಂತ್ರ್ಯ ಇತ್ತು ನಮ್ಮ ಹಳ್ಳಿಗಳಲ್ಲಿ!

ಸೀಗೇಕಾಯಿ
7:22

ನಂಜುಂಡಣ್ಣ, ನಿಮಗೆ ಇತ್ತು. ನಾನೂ ಆ ಕಡೆಯವಳೇ. ನೀವು ಹಾರುವಾಗ ನಾವು ದಂಡೆಯಲ್ಲಿ ಬಟ್ಟೆ ಒಗೆಯುತ್ತಾ, ಲಂಗ ಮೊಣಕಾಲ ಮೇಲೆ ಬಂತಾ ಅಂತ ನೋಡಿಕೊಳ್ಳುತ್ತಾ ಕೂತಿರುತ್ತಿದ್ದೆವು. ಈಜು ಇವತ್ತಿಗೂ ಬರಲ್ಲ ನನಗೆ.

ನಮಗಿದ್ದದ್ದು ಒಂದೇ, ದೀಪಾವಳಿಯ ಎಣ್ಣೆಸ್ನಾನ. ಬಚ್ಚಲುಮನೆಯಲ್ಲಿ ಹಂಡೆ ಉರಿ, ಹೊಗೆ, ಅಜ್ಜಿ ಹರಳೆಣ್ಣೆ ಹಚ್ಚಿ ಬೆನ್ನು ತಟ್ಟೋಳು. ಅಮ್ಮ, ಚಿಕ್ಕಮ್ಮ, ನಾವು ಅಕ್ಕತಂಗಿಯರು ಒಬ್ಬರಾದ ಮೇಲೆ ಒಬ್ಬರು, ಕೆಲವು ಸಲ ಒಟ್ಟಿಗೇ. ಅಜ್ಜಿಯ ಜೋತುಬಿದ್ದ ಹೊಟ್ಟೆ, ಅಮ್ಮನ ಬಾಣಂತನದ ಗೆರೆಗಳು ಎಲ್ಲ ಕಂಡಿದ್ದೆ, ಏನೂ ಅನಿಸುತ್ತಿರಲಿಲ್ಲ. ಅಪಾರ್ಟ್‌ಮೆಂಟ್ ಬಾತ್‌ರೂಮು ಬಂದ ಮೇಲೆ ಬೇರೆ ಹೆಂಗಸಿನ ಮೈ ಹೇಗಿರುತ್ತೆ ಅಂತಲೇ ಮರೆತುಹೋಯ್ತು. ಮೊಬೈಲಲ್ಲಿ ಕಾಣೋ ಮೈಗಳಷ್ಟೇ. ಕನಕಾಂಬರ ಅವರು ಯಾಕೆ ಕೇಳ್ತಿದ್ದಾರೆ ಅಂತ ನನಗೆ ಅರ್ಥ ಆಗುತ್ತೆ.

ನಾಲೆ_ನಂಜುಂಡ
7:40

ನಿಜ ತಾಯಿ. ಆ ದಂಡೆ ಕಡೆ ನಾನು ತಿರುಗಿ ನೋಡಿಯೇ ಇರಲಿಲ್ಲ.

ಪ್ಯಾಕೇಜ್_ಪಮ್ಮಿ
8:05

ಹರಳೆಣ್ಣೆ ಎಲ್ಲಿ ಸಿಗುತ್ತೆ ಈಗ ಒಳ್ಳೆಯದು? ಗಾಣದ್ದು ಅಂತ ಕೊಡ್ತಾರೆ, ವಾಸನೆಯೇ ಇರಲ್ಲ.

ಸೀಗೇಕಾಯಿ
8:09

ಗಾಂಧಿಬಜಾರ್ ಗ್ರಂಥಿಗೆ ಅಂಗಡಿಗಳಲ್ಲಿ ಕೇಳಿ. ಮೂಗಿಗೆ ಹಿಡಿದು ನೋಡದೆ ದುಡ್ಡು ಕೊಡಬೇಡಿ.

ವಾರಾಂತ್ಯ_ವೀರ
8:31

ಇಷ್ಟೆಲ್ಲ ಯಾಕೆ, ಮಲೆನಾಡಲ್ಲಿ ಸ್ವಂತ ಕೊಳ ಇರುವ ಬಂಗಲೆ ಬಾಡಿಗೆಗೆ ತಗೊಳ್ಳಿ. ನಾವು ಹೋದ ವರ್ಷ ಹಾಗೇ ಮಾಡಿದ್ದೆವು. ಗೋಡೆ ಎಂಟು ಅಡಿ ಅಂತ ನಂಬಿಕೊಂಡು ಇಳಿದೆವು, ಅರ್ಧ ಗಂಟೆಗೆ ತಲೆ ಮೇಲೆ ಜೇನು ಹುಳದ ಸದ್ದು. ನೋಡಿದರೆ ಡ್ರೋನ್. ಪಕ್ಕದ ತೋಟದಲ್ಲಿ ಯಾರದ್ದೋ ಪ್ರೀ ವೆಡ್ಡಿಂಗ್ ಶೂಟ್. ಆ ಮದುವೆ ವಿಡಿಯೋದಲ್ಲಿ ನಾವು ಇದ್ದೇವಾ ಇಲ್ಲವಾ ಅಂತ ಇವತ್ತಿಗೂ ಗೊತ್ತಿಲ್ಲ.

ಧವಳ
8:36

ಅಯ್ಯೋ ದೇವರೇ.

ಧರ್ಮರಕ್ಷಕ_77
9:00

ಎಲ್ಲ ಸರಿ, ಅತ್ತೆಗೆ ಏನಂತ ಹೇಳ್ತೀರಿ? ಅದು ಹೇಳಿ ನೋಡೋಣ.

ರಾಗಿಮುದ್ದೆ_ರಂಗ
9:04

ನೀವಿನ್ನೂ ಇಲ್ಲೇ ಇದ್ದೀರಾ ಸ್ವಾಮಿ? ಪೂರ್ತಿ ಓದಿದಿರಿ ಅಂತಾಯ್ತು.

ಎರಡು_ಸಲ_ಹೋದವಳು
9:15

ಅತ್ತೆಗೆ ಥಾಯ್ಲೆಂಡ್ ಅಂದರೆ ಬುದ್ಧನ ದೇವಸ್ಥಾನ ಅಂತ ಹೇಳಿ, ಸುಳ್ಳೇನಲ್ಲ, ಬ್ಯಾಂಕಾಕಲ್ಲಿ ಒಂದು ದಿನ ನಿಂತು ವಾಟ್ ಫೋ ನೋಡಿ. 46 ಮೀಟರ್ ಉದ್ದದ ಮಲಗಿರುವ ಬುದ್ಧ. ಅಲ್ಲೇ ಫೋಟೋ ರಾಶಿ ತೆಗೆದುಕೊಳ್ಳಿ, ಬಟ್ಟೆ ಬದಲಾಯಿಸಿ ಬದಲಾಯಿಸಿ. ಮೊದಲ ಸಲ ನಾವು ಅದನ್ನ ಮಾಡಲಿಲ್ಲ. ಏಳು ದಿನದ ಪ್ರವಾಸಕ್ಕೆ ಫ್ಯಾಮಿಲಿ ವಾಟ್ಸಾಪ್ ಗುಂಪಲ್ಲಿ ಹಾಕೋಕೆ ಇದ್ದದ್ದು ಎರಡು ಫೋಟೋ, ಎರಡೂ ವಿಮಾನ ನಿಲ್ದಾಣದ್ದು. ನಮ್ಮ ಮಾವ, ಅಷ್ಟು ದುಡ್ಡು ಕೊಟ್ಟು ಹೋಗಿ ಬರೀ ಏರ್‌ಪೋರ್ಟ್ ನೋಡಿಬಂದಿರಾ ಅಂದರು.

ಕನಕಾಂಬರ
ಬುಧವಾರ, ರಾತ್ರಿ 9:50

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ನಮ್ಮವರಿಗೆ ಇದನ್ನ ಪೂರ್ತಿ ಓದೋಕೆ ಕೊಟ್ಟೆ. ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು ಒಂದೂ ಮಾತಾಡದೆ ಓದಿದರು. ಮಧ್ಯದಲ್ಲಿ ಒಮ್ಮೆ ಎದ್ದು ನೀರು ಕುಡಿದುಬಂದರು. ಬಚ್ಚಲ ಲೈಟಿನ ವಿಷಯ ಅವರಿಗೆ ಗೊತ್ತಿರಲಿಲ್ಲ.

ಜನವರಿಗೆ ನೋಡುತ್ತಿದ್ದೇವೆ. ಪಟ್ಟಾಯ ಕಡೆ, ಆರು ರಾತ್ರಿ, ವಾಟ್ ಫೋ ಒಂದು ದಿನ. ಅವರದ್ದು ಒಂದೇ ಪ್ರಶ್ನೆ, ಅದೂ ಬೆಳಗ್ಗೆ ಕಾಫಿ ಕುಡಿಯುವಾಗ ಕೇಳಿದ್ದು. ಜೇಬೇ ಇಲ್ಲ ಅಂದಮೇಲೆ ರೂಮಿನ ಕೀ ಎಲ್ಲಿಟ್ಟುಕೊಳ್ಳೋದು?

ಎರಡು_ಸಲ_ಹೋದವಳು
9:58

ಬಟ್ಟೆ ಚೀಲ ಒಂದು ಹೆಗಲಿಗೆ. ಟವೆಲ್, ಕ್ರೀಮ್, ಕೀ ಎಲ್ಲ ಅದರಲ್ಲೇ.

ನಾಲೆ_ನಂಜುಂಡ
10:03

ಚೀಲ ಯಾಕೆ, ಉಡುದಾರ ಇಲ್ವಾ ಯಜಮಾನರಿಗೆ?